ಬ್ರೇಕು ಮೊದಲೇ ಒತ್ತುತ್ತಿದ್ದ ಹುಡುಗಿ

ನನ್ನ ಅಕ್ಕನ ಮಗಳನ್ನು ಮೋಸಗಾರ್ತಿ ಎಂದು ಸ್ಪರ್ಧೆಯಿಂದ ಹೊರಗೆ ಹಾಕಿದ ಪತ್ರಕ್ಕೆ ಸಹಿ ಮಾಡಿದವಳು ನಾನೇ. ಸಹಿ ಮಾಡುವಾಗ ಅದು ಅವಳು ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಅದಕ್ಕೆ ನನ್ನ ಬಳಿ ಮರ್ಯಾದೆಯ ಉತ್ತರವಿಲ್ಲ. ಬೇರೆ ಯಾರದೋ ಮಗಳಾಗಿದ್ದರೆ ಇವತ್ತಿಗೂ ನಾನು ಆ ಪತ್ರ ಸರಿಯಾಗಿಯೇ ಇತ್ತು ಎಂದುಕೊಂಡು ಆರಾಮಾಗಿ ಇರುತ್ತಿದ್ದೆ.

ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ಹಿಂಡಲಗಾ ಕಡೆ. ನಾವಿಬ್ಬರು ಅಕ್ಕತಂಗಿಯರು ಹುಟ್ಟಿ ಬೆಳೆದದ್ದು ನಂದಗಡದಲ್ಲಿ. ಅಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟು ಕುರಿಯ ಹಿಂದೆ ಹೋದಳು, ನಾನು ಓದಿದೆ. ಆಮೇಲೆ ಅಕ್ಕನನ್ನು ಗುಂಜಿಯ ಆಚೆ, ಸ್ಟೇಶನ್ನಿನಿಂದ ಒಂದು ತಾಸು ನಡೆದರೆ ಸಿಗುವ, ಕಾಡಿನ ಅಂಚಿನ ಹಳ್ಳಿಗೆ ಕೊಟ್ಟರು. ಭಾವನದು ಭತ್ತದ ಗದ್ದೆ, ನಾಲ್ಕು ಎಮ್ಮೆ, ಮನೆಯ ಹಿಂದೆ ಗೇರು ಗಿಡಗಳು. ಅವರಿಗೆ ಒಬ್ಬಳೇ ಮಗಳು. ನನಗೂ ಒಬ್ಬಳೇ. ಇಬ್ಬರಿಗೂ ಮೂರು ತಿಂಗಳ ಅಂತರ.

ನಾಲ್ಕು ವರ್ಷದ ಹಿಂದೆ ದೀಪಾವಳಿ ರಜೆಗೆ ಅಕ್ಕನ ಮಗಳು ನಮ್ಮ ಮನೆಗೆ ಬಂದಾಗ ಇಬ್ಬರಿಗೂ ಒಂದು ಆಟದ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಕಾರು ಓಡಿಸುವ ಆಟ. ಎಂಟು ಜನ ಎಲ್ಲೆಲ್ಲೋ ಕುಳಿತು ಒಂದೇ ದಾರಿಯಲ್ಲಿ ಗಾಡಿ ಬಿಡಬಹುದು. ಬಂದರಿನ ದಾರಿ, ಹಿಮದ ದಾರಿ, ಒಂದರ ಮೇಲೊಂದು ತಿರುವು ಇರುವ ಘಟ್ಟದ ದಾರಿ. ಇಬ್ಬರೂ ಹಾಸಿಗೆಯ ಮೇಲೆ ಬೋರಲು ಮಲಗಿ, ಒಬ್ಬರ ಕಾಲಿನ ಮೇಲೆ ಇನ್ನೊಬ್ಬರು ಕಾಲು ಹಾಕಿಕೊಂಡು ಆಡುತ್ತಿದ್ದರು. ಮಗಳು ತನ್ನ ಮೊಬೈಲಿನಲ್ಲಿ, ಅವಳು ನನ್ನದರಲ್ಲಿ. ಊಟಕ್ಕೆ ಕರೆದರೆ ಇಬ್ಬರೂ ಒಂದೇ ದನಿಯಲ್ಲಿ "ಒಂದ ನಿಮಿಷ" ಅನ್ನುವರು. ಹೆಚ್ಚಿನ ಸಲ ಗೆಲ್ಲುತ್ತಿದ್ದವಳು ಅಕ್ಕನ ಮಗಳು. ನನ್ನ ಮಗಳು ಅದನ್ನು ಆರಾಮಾಗಿ ಒಪ್ಪಿಕೊಳ್ಳುತ್ತಿದ್ದಳು. "ಅಕಿ ಕೈ ಬ್ಯಾರೇನ ಐತಿ ಮಮ್ಮಿ" ಎನ್ನುತ್ತಿದ್ದಳು.

ಮುಂದೆ ಭಾವ ಅವಳಿಗೆ ಒಂದು ಮೊಬೈಲು ಕೊಡಿಸಿದ. ಹತ್ತನೆಯ ತರಗತಿ, ಆಮೇಲೆ ಖಾನಾಪುರದಲ್ಲಿ ಪಿಯುಸಿ, ದಿನಾ ಓಡಾಟ. ಅವಳು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಆದರೆ ಸಂಜೆಯಾದರೆ ಇಬ್ಬರೂ ಅಲ್ಲಿಂದ ಇಲ್ಲಿಂದ ಆಡುತ್ತಾರೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ನಾನು ಕೇಳಿರಲಿಲ್ಲ. ನಮ್ಮ ಮನೆಗೆ ಆಗ ಫೈಬರ್ ಲೈನು ಬಂದಿತ್ತು. ಗೋಡೆಗೆ ಹಚ್ಚಿದ ಬಿಳಿ ಡಬ್ಬಿಯಲ್ಲಿ ಸಣ್ಣ ಹಸಿರು ದೀಪ ಸದಾ ಉರಿಯುತ್ತಿರುತ್ತದೆ. ಅದು ಉರಿಯುತ್ತದೆ ಎನ್ನುವುದನ್ನೇ ನಾವು ಮರೆತಿದ್ದೆವು.

ಕಳೆದ ವರ್ಷದ ಜನವರಿಯಲ್ಲಿ ನಮ್ಮ ಕಾಲೇಜಿನ ಉತ್ಸವದಲ್ಲಿ ಹಾಡು, ನೃತ್ಯ, ರಂಗೋಲಿಗಳ ಜೊತೆಗೆ ಮೊದಲ ಸಲ ಈ ಕಾರಿನ ಆಟದ ಸ್ಪರ್ಧೆ ಇಡಬೇಕೆಂದು ವಿದ್ಯಾರ್ಥಿಗಳು ಹಟ ಹಿಡಿದರು. ಸುತ್ತಮುತ್ತಲಿನ ಪಿಯು ಕಾಲೇಜಿನ ಮಕ್ಕಳೂ ಆಡಬಹುದು ಎಂದಾಯಿತು. ಸಮಿತಿಯಲ್ಲಿ ನಾವು ನಾಲ್ವರು. ನಿಯಮ ಬರೆಯುವ ಕೆಲಸ ನನಗೆ ಬಂತು, ಗಣಿತದವಳು, ತಪ್ಪಿಲ್ಲದೆ ಬರೆಯುತ್ತೇನೆ ಎಂದು. ನಾನು ಬೇರೆ ಯಾವುದೋ ಕಾಲೇಜಿನ ನಿಯಮದ ಹಾಳೆ ಇಟ್ಟುಕೊಂಡು ಅರ್ಧ ದಿನದಲ್ಲಿ ಮುಗಿಸಿದೆ. ಮೊದಲ ಸುತ್ತುಗಳನ್ನು ಎಲ್ಲರೂ ತಮ್ಮ ತಮ್ಮ ಮನೆಯಿಂದ, ತಮ್ಮ ತಮ್ಮ ಮೊಬೈಲಿನಲ್ಲಿ ಆಡಬೇಕು. ಅದರಲ್ಲಿ ಗೆದ್ದ ಆರು ಜನರಿಗೆ ನಮ್ಮ ಸಭಾಂಗಣದಲ್ಲಿ ಫೈನಲ್. ಏಳನೆಯ ನಿಯಮ ಹೀಗಿತ್ತು: ನೆಟ್‌ವರ್ಕಿನ ತೊಂದರೆಗೆ ಆಟಗಾರರೇ ಹೊಣೆ. ಕೊನೆಗೆ ನಾನೇ ಸ್ವಂತ ಬುದ್ಧಿಯಿಂದ ಒಂದು ಸಾಲು ಸೇರಿಸಿದೆ: ನಿಯಮಗಳು ಎಲ್ಲರಿಗೂ ಸಮಾನ. ಬರೆದು ಮುಗಿಸಿದಾಗ ಆ ಸಾಲು ನನಗೆ ಬಹಳ ಚೆಂದ ಕಂಡಿತ್ತು.

ಮಗಳು ಹೆಸರು ಕೊಟ್ಟಿದ್ದಳು. ನಾನು ನಿಯಮ ಬರೆಯುವವಳು, ಮಗಳು ಆಡುವವಳು. ಸಮಿತಿಯಲ್ಲಿ ಯಾರೂ ಇದರಲ್ಲಿ ತಪ್ಪು ಕಾಣಲಿಲ್ಲ. ನಾನೂ ಕಾಣಲಿಲ್ಲ. ಆಟಗಾರರನ್ನು ಹೆಸರಿನಿಂದಲ್ಲ, ನಂಬರಿನಿಂದ ಗುರುತಿಸುತ್ತೇವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಒಂದು ರವಿವಾರ ಸಂಜೆ ಐದೂವರೆಗೆ ಮೊದಲ ಸುತ್ತುಗಳು ನಡೆದವು. ಮರುದಿನ ಮುಂಜಾನೆ ನನ್ನ ಟೇಬಲಿನ ಮೇಲೆ ಮೂರು ದೂರುಗಳಿದ್ದವು. ಮೂರೂ ಮೂವತ್ತೊಂದನೆಯ ನಂಬರಿನ ಆಟಗಾರನ ಮೇಲೆ. ಈ ಗಾಡಿ ನಡುನಡುವೆ ಮಾಯವಾಗಿ ಮುಂದೆಲ್ಲೋ ಏಳುತ್ತದೆ, ಬೇಕಂತಲೇ ನೆಟ್ ಬಂದ್ ಮಾಡಿ, ಮತ್ತೆ ಹಚ್ಚಿ ಮೋಸ ಮಾಡುತ್ತಿದ್ದಾನೆ ಎಂದು ದೂರು. ವಿಡಿಯೋ ಕೂಡ ಇತ್ತು. ನೋಡಿದೆ. ನೀಲಿ ಬಣ್ಣದ ಗಾಡಿಯೊಂದು ತಿರುವಿನಲ್ಲಿ ಮಾಯವಾಗಿ ಇನ್ನೊಬ್ಬನ ಗಾಡಿಯ ಮುಂದೆಯೇ ಎದ್ದಿತು, ಅವನು ಅದಕ್ಕೆ ಗುದ್ದಿ ಹಿಂದೆ ಬಿದ್ದ. ಹಾಗೆ ಮೋಸ ಮಾಡುವವರು ಇರುತ್ತಾರಂತೆ, ವಿದ್ಯಾರ್ಥಿಗಳು ವಿವರಿಸಿದರು. ನಾನು ಪಟ್ಟಿ ತೆಗೆದು ಹೆಸರು ನೋಡಲಿಲ್ಲ. ನೋಡದಿರುವುದೇ ನಿಷ್ಪಕ್ಷಪಾತ ಎಂದುಕೊಂಡಿದ್ದೆ. ಪತ್ರ ಬರೆದೆ, ಸಹಿ ಹಾಕಿದೆ, ಆ ನಂಬರಿನವರಿಗೆ ಕಳಿಸಿ ಎಂದು ವಿದ್ಯಾರ್ಥಿಗಳ ಕೈಗೆ ಕೊಟ್ಟೆ. ಅದೇ ದಿನ, ನೆಟ್ ಕಡಿದು ಆಟದ ನಡುವೆ ಹೊರಬಿದ್ದ ಇನ್ನೂ ಆರು ಜನರಿಗೆ ಏಳನೆಯ ನಿಯಮದ ಪ್ರಕಾರ ಹೊರಗೆ ಎಂದು ತಿಳಿಸಿದೆ. ಹತ್ತು ನಿಮಿಷದ ಕೆಲಸ.

ಎರಡು ದಿನ ಬಿಟ್ಟು ಅಕ್ಕನ ಫೋನು ಬಂತು. ಅಕ್ಕ ಫೋನಿನಲ್ಲಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ನಿಮ್ಮ ಕಾಲೇಜಿನವರು ನಮ್ಮ ಹುಡುಗಿಗೆ ಕಳ್ಳಿ ಅಂತ ಚೀಟಿ ಕಳಸ್ಯಾರಂತ. ಹೌದೇನ?"

"ಯಾವ ಚೀಟಿ ಅಕ್ಕಾ?"

"ಕಾರಿನ ಆಟದ್ದು. ಕೆಳಗ ನಿನ್ನ ಹೆಸರು ಐತಿ ಅಂತ ಹೇಳಿದ್ಲು. ಎರಡ ದಿನ ಆತು, ಸರಿ ಉಣವಲ್ಲಳು. ನಾ ಓದಿದಾಕಿ ಅಲ್ಲ. ಅದಕ್ಕ ನಿನ್ನ ಕೇಳಾಕತ್ತೇನಿ, ಖರೇನ ಅಕಿ ಕಳುವು ಮಾಡ್ಯಾಳೇನು?"

"ನೋಡ್ತೇನಿ ಅಕ್ಕಾ" ಎಂದೆ. ಪಟ್ಟಿ ತೆಗೆದೆ. ಮೂವತ್ತೊಂದು, ಅವಳೇ. ನನಗೆ ಹೇಳದೆ ಹೆಸರು ಕೊಟ್ಟಿದ್ದಳು. ಮಾವಶಿಯ, ಅಂದರೆ ಚಿಕ್ಕಮ್ಮನ, ವಶೀಲಿ ಹಚ್ಚಿ ಬಂದಳು ಎಂದು ಯಾರೂ ಅನ್ನಬಾರದು ಎಂದು ಹೇಳಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಅವಳಿಗೆ ಎಲ್ಲಾ ಗೊತ್ತಿತ್ತು. ಆ ರೇಸಿನಲ್ಲಿ ಅವಳೂ ಇದ್ದಳು. ನೀಲಿ ಗಾಡಿ ಯಾರದು ಎಂದು ಗೊತ್ತಿತ್ತು, ಅದು ಯಾಕೆ ಹಾರುತ್ತದೆ ಎಂದೂ ಗೊತ್ತಿತ್ತು.

"ಅಕಿ ನೆಟ್ ಹಂಗ ಮಮ್ಮಿ, ಯಾವಾಗ್ಲೂ ಹಂಗ. ನಮಗ ಗಾಡಿ ಹಾರಿದಂಗ ಕಾಣತೈತಿ. ಅಕಿ ಕಡೆ ನಮ್ಮ ಗಾಡಿ ಎಲ್ಲಾ ನಿಂತು ನಿಂತು ಬರ್ತಾವ."

"ಹಂಗಂತ ಆಟಗಾರರ ವಾಟ್ಸ್ಯಾಪ್ ಗ್ರೂಪಿನ್ಯಾಗ ಯಾಕ ಹೇಳ್ಲಿಲ್ಲ ನೀ?"

"ಎಲ್ಲಾರೂ ಬೈಯಾಕತ್ತಿದ್ರು. ಏನೇನೋ ಹೊಲಸ ಬರ್ಯಾಕತ್ತಿದ್ರು. ನಾ ಮಾತಾಡಿದ್ರ ನನಗೂ ಬೈತಿದ್ರು." ಆಮೇಲೆ, "ಮತ್ತ ನಾ ಸೆಲೆಕ್ಟ್ ಆಗಿದ್ನಲ್ಲ" ಎಂದಳು.

ಅವಳನ್ನು ಬೈಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಹದಿನೇಳು ವರ್ಷದ ಹುಡುಗಿ ತನ್ನ ಜಾಗ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದಳು. ನಾನು ಆ ಜಾಗವನ್ನೇ ಅವಳಿಗಾಗಿ ಕಟ್ಟಿಕೊಟ್ಟಿದ್ದೆ, ನಿಯಮ ಬರೆದು.

ಮುಂದಿನ ರಜೆಯ ದಿನ ರೈಲು ಹತ್ತಿ ಗುಂಜಿಗೆ ಹೋದೆ. ಭಾವ ಬೈಕು ತಂದಿದ್ದ. ಮನೆ ತಲುಪಿದಾಗ ಮಧ್ಯಾಹ್ನ. ಅಕ್ಕ ಊಟಕ್ಕೆ ಬಡಿಸಿದಳು, ಮಾತು ಕಡಿಮೆ. ಹುಡುಗಿ ಒಳಗಿನಿಂದ ಬಂದು ನಮಸ್ಕಾರ ಮಾಡಿದಳು, ಯಾರೋ ಸಾಹೇಬರಿಗೆ ಮಾಡಿದ ಹಾಗೆ. ನನ್ನ ಮೊಬೈಲು ತೆಗೆದು ನೋಡಿದೆ. ನೆಟ್‌ವರ್ಕು ಒಂದು ಕಡ್ಡಿಯೂ ಇಲ್ಲ. ಆ ಮನೆ ತಗ್ಗಿನಲ್ಲಿದೆ, ಸುತ್ತ ಕಾಡು.

"ನೀ ಎಲ್ಲಿ ಕುಂತು ಆಡ್ತಿ? ನನಗ ತೋರಸು" ಎಂದೆ.

"ಯಾಕ್ರಿ ಮಾವಶಿ? ಇನ್ನೂ ವಿಚಾರಣೆ ಐತೇನು?" ಎಂದಳು. ಅವಳು ನನ್ನನ್ನು ಎಂದೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ.

"ವಿಚಾರಣೆ ನಂದು. ತೋರಸು."

ಮನೆಯಿಂದ ಇಪ್ಪತ್ತು ನಿಮಿಷ ಏರಿ ಹೋದರೆ ಗುಂಜಿಯ ರಸ್ತೆಗೆ ಹಳ್ಳ ದಾಟಲು ಒಂದು ಸಣ್ಣ ಸೇತುವೆ ಕಟ್ಟಿದ್ದಾರೆ. ಅದರ ಕಟ್ಟೆಯ ಮೇಲೆ, ಎಡಗಡೆಯ ತುದಿಯಲ್ಲಿ ಮಾತ್ರ ಗುಂಜಿಯ ಟವರ್ ಸಿಗುತ್ತದೆ. ಬಲಗಡೆ ಕುಳಿತರೆ ಸಿಗುವುದಿಲ್ಲ. ಆ ಕಟ್ಟೆಯ ಮೇಲೆ ಕುಳಿತು ಅವಳು ಪಾಠದ ವಿಡಿಯೋ ನೋಡುತ್ತಾಳೆ, ಕಾಲೇಜಿನ ನೋಟ್ಸ್ ಇಳಿಸಿಕೊಳ್ಳುತ್ತಾಳೆ, ನನ್ನ ಮಗಳ ಜೊತೆ ಆಡುತ್ತಾಳೆ. ಸ್ಪರ್ಧೆಯ ದಿನವೂ ಅಲ್ಲೇ ಕುಳಿತಿದ್ದಳು. ನಮ್ಮೊಂದಿಗೆ ಅಕ್ಕ ಕೂಡ ಕುಡಗೋಲು ಹಿಡಿದು ಬಂದಿದ್ದಳು. ಯಾಕೆ ಎಂದು ಕೇಳಿದೆ.

"ಹೊತ್ತು ಇಳದ ಮ್ಯಾಲ ಈ ಹಳ್ಳಕ್ಕ ಕರಡಿ ನೀರಿಗೆ ಬರ್ತಾವ. ಅವತ್ತ ಐದೂವರಿಗೆ ಆಟ ಅಂದ್ರಿ. ಮುಗಿಯೂತನಾ ನಾ ಇಲ್ಲೇ ನಿಂತಿದ್ನಿ. ಅಕಿ ತಲಿ ಎತ್ತಿ ನೋಡೂ ಹಂಗಿಲ್ಲಲ್ಲ, ನೋಡಿದ್ರ ಗಾಡಿ ಗ್ವಾಡಿಗೆ ಬಡಿತೈತಿ."

ಐದೂವರೆ ಎಂದು ನಿಶ್ಚಯಿಸಿದ್ದೂ ನಾನೇ. ಎಲ್ಲರೂ ಆ ಹೊತ್ತಿಗೆ ಚಹಾ ಕುಡಿದು ಆರಾಮಾಗಿ ಮನೆಯಲ್ಲಿರುತ್ತಾರೆ ಎಂದು.

ಹುಡುಗಿಯ ಮೊಬೈಲು ಇಸಿದುಕೊಂಡು ನಾನೂ ಕಟ್ಟೆಯ ಎಡ ತುದಿಗೆ ಕುಳಿತು ಆಡಲು ನೋಡಿದೆ. ನನಗೆ ಆಟ ಬರುವುದಿಲ್ಲ, ಆದರೆ ನಮ್ಮ ಮನೆಯಲ್ಲಿ ಮಗಳ ಒತ್ತಾಯಕ್ಕೆ ಒಂದೆರಡು ಸಲ ಓಡಿಸಿದ್ದೆ. ಇಲ್ಲಿ ಅದು ಬೇರೆಯೇ ಆಟ. ಬ್ರೇಕು ಒತ್ತಿದರೆ ಗಾಡಿ ಕೇಳುವುದಿಲ್ಲ. ಒತ್ತಿ, ಒಂದು ಉಸಿರು ಬಿಡಬೇಕು, ಆಗ ನಿಲ್ಲುತ್ತದೆ. ಅಷ್ಟರಲ್ಲಿ ತಿರುವು ಮುಗಿದು ಗಾಡಿ ಸಮುದ್ರಕ್ಕೆ ಬಿದ್ದಿರುತ್ತದೆ. ಮೂರು ಸಲ ಬಿದ್ದೆ. ನಾಲ್ಕನೆಯ ಸಲ ನೆಟ್ಟೇ ಹೋಯಿತು.

"ನೀ ಹ್ಯಾಂಗ ಆಡ್ತಿ ಇದರಾಗ?"

ಅವಳಿಗೆ ಸ್ವಲ್ಪ ನಗು ಬಂತು. "ತಿರುವು ಬರೂಕಿಂತ ಮೊದಲ ಒತ್ತೂದು ಮಾವಶಿ. ಎಷ್ಟ ಮೊದಲ ಅನ್ನೂದು ಆ ದಿನದ ನೆಟ್ ನೋಡಿ. ಮೋಡ ಇದ್ರ ಇನ್ನೊಂಚೂರು ಮೊದಲ. ಒಂದೂವರಿ ವರ್ಷ ಆತಲ್ಲ, ಕೈಗೆ ಗೊತ್ತಾಗೈತಿ."

ಬಹುವಚನ ಹೋಗಿತ್ತು. ಕ್ಷಮಿಸು ಎಂದು ಹೇಳಿದೆ. ಅವಳು ಮೊಬೈಲು ತೆಗೆದುಕೊಂಡು ಪರದೆ ಒರೆಸಿದಳು. ಆಮೇಲೆ ಅವಳಾಗಿಯೇ ಒಂದು ಮಾತು ಹೇಳಿದಳು. ಆ ಆಟದ ದಾರಿಯಲ್ಲಿ ಅಲ್ಲಲ್ಲಿ ಹೊಳೆಯುವ ಪೆಟ್ಟಿಗೆಗಳು ಬರುತ್ತವೆ, ಅದಕ್ಕೆ ಗಾಡಿ ತಾಗಿಸಿದರೆ ಏನಾದರೂ ಸಿಗುತ್ತದೆ.

"ಈ ಆಟ ಮಾಡಿದಾವ್ರು ಶಾಣ್ಯಾ ಮಂದಿ ಮಾವಶಿ. ಮುಂದ ಇದ್ದಾವಗ ಪೆಟಗಿಯೊಳಗ ಸಣ್ಣದೇನರ ಸಿಗತೈತಿ. ಕಡೀಗೆ ಇದ್ದಾವಗ ದೊಡ್ಡ ಜೋರು ಸಿಗತೈತಿ, ಒಮ್ಮೆಲೆ ನಾಕ ಗಾಡಿ ದಾಟಬಹುದು. ಯಾರೂ ಅದಕ್ಕ ಜಗಳ ತಗಿಯೂದಿಲ್ಲ."

"ಯಾಕ ಹಂಗ ಇಟ್ಟಾರ?"

"ಇಲ್ಲಂದ್ರ ಮೊದಲನೇ ತಿರುವಿನ್ಯಾಗ ಆಟ ಮುಗದ ಹೋಗತೈತಿ. ಹಿಂದಿನಾವ್ರು ಮತ್ತ ಯಾಕ ಆಡಬೇಕು? ಮೊಬೈಲ್ ಕೆಳಗ ಇಟ್ಟ ಹೋಗ್ತಾರ."

ಇಪ್ಪತ್ತು ವರ್ಷದಿಂದ ನಾನು ಸಮಾನತೆಯ ಚಿಹ್ನೆಯನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೇನೆ. ಎಡಗಡೆ ಇದ್ದದ್ದೂ ಬಲಗಡೆ ಇದ್ದದ್ದೂ ಒಂದೇ ತೂಕ ಎಂದು ಸಾಬೀತು ಮಾಡಿದ ಮೇಲೆಯೇ ಆ ಎರಡು ಗೆರೆ ಎಳೆಯಬೇಕು ಎಂದು ಮಕ್ಕಳಿಗೆ ಗದರಿಸುತ್ತೇನೆ. ನನ್ನ ನಿಯಮದ ಹಾಳೆಯಲ್ಲಿ ಮಾತ್ರ ಏನನ್ನೂ ತೂಗದೆ ಸಮಾನ ಎಂದು ಬರೆದಿದ್ದೆ.

ಬೆಳಗಾವಿಗೆ ಬಂದವಳೇ ಹೊರಗೆ ಹೋದ ಏಳು ಜನರ ವಿಳಾಸ ನೋಡಿದೆ. ಒಬ್ಬರೂ ಬೆಳಗಾವಿ ಪಟ್ಟಣದವರಲ್ಲ. ಏಳಕ್ಕೆ ಏಳೂ ಹಳ್ಳಿ, ಹೆಚ್ಚಿನವು ಖಾನಾಪುರ ತಾಲೂಕಿನವು. ಸಮಿತಿಯ ಸಭೆ ಕರೆಯಿರಿ ಎಂದು ಕೇಳಿದೆ. ಫೈನಲಿಗೆ ಆರು ದಿನ ಉಳಿದಿತ್ತು.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ. ಫೈನಲಿಗೆ ಮೊಬೈಲ್ ಅಂಗಡಿಯವರು ಒಂದೇ ನಮೂನೆಯ ಎಂಟು ಹೊಸ ಫೋನು ಕೊಡುತ್ತಿದ್ದಾರೆ, ಸಭಾಂಗಣದಲ್ಲಿ ಎಲ್ಲರಿಗೂ ಒಂದೇ ವೈಫೈ ಇರುತ್ತದೆ. ಹೊರಗೆ ಹಾಕಿದ ಏಳು ಜನರನ್ನು ಕರೆದು ಅದರಲ್ಲೇ ಒಮ್ಮೆ ಆಡಿಸೋಣ. ಮೋಸ ಎಂದ ಪತ್ರ ವಾಪಸು ಪಡೆಯೋಣ.

ಹಿರಿಯ ಸಹೋದ್ಯೋಗಿಯೊಬ್ಬರು, ಸಮಿತಿಯ ಅಧ್ಯಕ್ಷರು, ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು.

"ಮೇಡಂ, ಮೂವತ್ತೊಂದನೇ ನಂಬರ್ ನಿಮ್ಮ ಅಕ್ಕನ ಮಗಳಂತ?"

"ಹೌದ್ರಿ ಸರ್."

"ಮತ್ತ ಹಂಗ ಹೇಳ್ರಿ. ಸಂಬಂಧ ಬ್ಯಾರೆ, ನಿಯಮ ಬ್ಯಾರೆ. ನೀವ ಬರದ ನಿಯಮ ಇದು."

"ಸರ್, ನನ್ನ ಮಗಳು ಫೈನಲಿಗೆ ಬಂದಾಳ. ನಿಯಮ ನಾನ ಬರದಿದ್ನಿ. ಅವಾಗ ನೀವು ಸಂಬಂಧ ಕೇಳಿದ್ರೇನು?"

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಸದಸ್ಯ ನಡುವೆ ಬಾಯಿ ಹಾಕಿದ. "ಅಲ್ರೀ ಮೇಡಂ, ಹಳ್ಳಿಯಾವ್ರಿಗೊಂದು ರೂಲ್, ಊರಾಗಿನಾವ್ರಿಗೊಂದು ರೂಲ್ ಮಾಡೂಣೇನು? ಇಲ್ಲೂ ರಿಸರ್ವೇಶನ್ ತರೂಣೇನು?"

ಅವನು ನಕ್ಕ. ಉಳಿದ ಇಬ್ಬರೂ ಸಣ್ಣಗೆ ನಕ್ಕರು. ಅವನಿಗೆ ಆ ಆಟ ಚೆನ್ನಾಗಿ ಗೊತ್ತು, ಬಿಡುವಿನ ವೇಳೆಯಲ್ಲಿ ಸ್ಟಾಫ್ ರೂಮಿನಲ್ಲೇ ಆಡುತ್ತಾನೆ.

"ನೀವು ಆಟದಾಗ ಹಿಂದ ಬಿದ್ದಾಗ ಪೆಟಗಿಯೊಳಗ ದೊಡ್ಡ ಶಕ್ತಿ ಸಿಗತೈತಲ್ಲ, ಅದನ್ನ ತಗೋತೀರೋ ಬಿಡ್ತೀರೋ?" ಎಂದು ಕೇಳಿದೆ.

"ಅದು ಆಟ ಮೇಡಂ."

"ಇದೂ ಆಟದ ಸ್ಪರ್ಧೇನ. ನಾ ನಿಮ್ಮ ಕಡೆ ಅಷ್ಟೂ ಕೇಳಾಕತ್ತಿಲ್ಲ. ಜಾಸ್ತಿ ಕೊಡ್ರಿ ಅನ್ನಾಕತ್ತಿಲ್ಲ. ಒಂದ ನಮೂನಿ ಫೋನು ಕೊಟ್ಟು ಒಂದ ಕ್ವಾಣ್ಯಾಗ ಕುಂದರಸ್ರಿ ಅನ್ನಾಕತ್ತೇನಿ. ಅದಕ್ಕ ನಿಮಗ ನಗು ಬರತೈತಿ."

ನಾನು ಸಭೆಗಳಲ್ಲಿ ದನಿ ಎತ್ತುವವಳಲ್ಲ. ಆವತ್ತು ಎತ್ತಿದ್ದೆ. ಹೊರಗೆ ವರಾಂಡದಲ್ಲಿ ಹೋಗುತ್ತಿದ್ದ ಹುಡುಗರು ನಿಂತು ನೋಡಿದರು. ಅಧ್ಯಕ್ಷರು ಕೊನೆಗೆ ಒಂದು ಭಿಕ್ಷೆ ಹಾಕಿದರು. ಎಂಟು ಫೋನಿನಲ್ಲಿ ಎರಡು ಹೆಚ್ಚಿಗೆ ಇವೆ. ಆ ಏಳರಲ್ಲಿ ಇಬ್ಬರನ್ನು ಫೈನಲಿಗೆ ಸೇರಿಸಿಕೊಳ್ಳಬಹುದು. ಪತ್ರ ವಾಪಸಿನ ಮಾತು ಮಾತ್ರ ಬೇಡ, ಕಾಲೇಜಿನ ಮರ್ಯಾದೆಯ ಪ್ರಶ್ನೆ. ಹುಡುಗಿಯ ಮರ್ಯಾದೆ ಯಾರ ಪ್ರಶ್ನೆ ಎಂದು ನಾನು ಕೇಳಿದೆ. ಅದು ನಡಾವಳಿಯಲ್ಲಿ ಬರಲಿಲ್ಲ.

ಏಳು ಜನರಲ್ಲಿ ಇಬ್ಬರನ್ನು ಹೇಗೆ ಆರಿಸುವುದು ಎಂದು ತಲೆಕೆಡಿಸಿಕೊಂಡು ಒಬ್ಬೊಬ್ಬರಿಗೂ ನಾನೇ ಫೋನು ಮಾಡಿದೆ. ಆರಿಸುವ ಕಷ್ಟ ಬರಲೇ ಇಲ್ಲ. ಐದು ಜನ ಬರುವುದಿಲ್ಲ ಎಂದರು. ಒಬ್ಬ ಹುಡುಗ ಬಹಳ ಮೆತ್ತಗಿನ ದನಿಯಲ್ಲಿ, "ಬ್ಯಾಡ್ರಿ ಮೇಡಂ, ಒಮ್ಮೆ ಹೊರಗ ಹಾಕಿಸ್ಕೊಂಡಿದ್ದು ಸಾಕು" ಎಂದ. ಬರುತ್ತೇವೆ ಎಂದವರು ನಂದಗಡದ ಹತ್ತಿರದ ಒಬ್ಬ ಹುಡುಗ ಮತ್ತು ಅಕ್ಕನ ಮಗಳು. ಅವಳು ಬರುವುದಕ್ಕೆ ಒಂದು ಶರತ್ತು ಹಾಕಿದಳು: ಕಾಲೇಜಿನಲ್ಲಿ ನನ್ನನ್ನು ಮಾತಾಡಿಸಬೇಡ.

ಫೈನಲಿನ ದಿನ ಅವಳೂ ಅಕ್ಕನೂ ಮುಂಜಾನೆಯ ರೈಲಿಗೆ ಬಂದರು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು. ಸಭಾಂಗಣದ ಹಿಂದಿನ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ವೇದಿಕೆಯ ಮೇಲೆ ಎಂಟು ಕುರ್ಚಿ, ಎಂಟು ಹೊಸ ಫೋನು, ಹಿಂದೆ ದೊಡ್ಡ ಪರದೆ. ಮೂರು ರೇಸು, ಮೂರರ ಅಂಕ ಕೂಡಿಸಿ ಸ್ಥಾನ.

ನಾನು ಗೆಲುವಿನ ಕಥೆಯನ್ನೇ ಎದುರು ನೋಡುತ್ತಿದ್ದೆ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಫೋನು ಒಂದೇ ಆಯಿತು, ನೆಟ್ ಒಂದೇ ಆಯಿತು, ಇನ್ನು ಎಲ್ಲಾ ಸರಿಹೋಯಿತು ಎಂದು ನಂಬಿ ಕೈಕಟ್ಟಿ ನಿಂತಿದ್ದೆ.

ಮೊದಲ ರೇಸು ಘಟ್ಟದ ದಾರಿಯಲ್ಲಿ. ಹಸಿರು ದೀಪ ಬಿತ್ತು, ಎಂಟೂ ಗಾಡಿ ಹೊರಟವು. ಮೊದಲ ತಿರುವು ಇನ್ನೂ ದೂರವಿರುವಾಗಲೇ ನೀಲಿ ಗಾಡಿ ಗಕ್ಕನೆ ನಿಂತಂತಾಯಿತು. ಹಿಂದಿನವರು ಎಲ್ಲಾ ಅವಳನ್ನು ದಾಟಿ ಹೋದರು. ಎರಡನೆಯ ತಿರುವಿಗೂ ಹಾಗೆಯೇ. ಮೂರನೆಯದಕ್ಕೂ. ಸಭೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ನನಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅವಳು ಮೊದಲೇ ಬ್ರೇಕು ಒತ್ತುತ್ತಿದ್ದಳು. ಒಂದೂವರೆ ವರ್ಷ ಆ ಕಟ್ಟೆಯ ಮೇಲೆ ಕುಳಿತು ಕಲಿತದ್ದನ್ನು ಕೈ ಬಿಡುತ್ತಿರಲಿಲ್ಲ. ಅಲ್ಲಿ ಒತ್ತಿದ ಒಂದು ಉಸಿರಿನ ಮೇಲೆ ಗಾಡಿ ನಿಲ್ಲುತ್ತಿತ್ತು, ಇಲ್ಲಿ ಒತ್ತಿದ ಕ್ಷಣವೇ ನಿಲ್ಲುತ್ತಿತ್ತು. ನಂದಗಡದ ಹುಡುಗನದೂ ಅದೇ ಗತಿ. ಆ ರೇಸಿನಲ್ಲಿ ಅವಳು ಎಂಟನೆಯವಳು, ಅವನು ಏಳನೆಯವನು.

ಎರಡನೆಯದರಲ್ಲಿ ಅವಳು ಆರನೆಯವಳು. ಅವಳ ಮುಖ ನೋಡಿದೆ, ಹಲ್ಲು ಕಚ್ಚಿಕೊಂಡಿದ್ದಳು, ಹೆಬ್ಬೆರಳನ್ನು ಪರದೆಯಿಂದ ಎತ್ತಿ ಹಿಡಿದು ಕಾಯುವುದನ್ನು ಅಲ್ಲೇ ಎಲ್ಲರೆದುರು ಕಲಿಯುತ್ತಿದ್ದಳು. ಮೂರನೆಯದರಲ್ಲಿ ಮೂರನೆಯವಳಾಗಿ ಬಂದಳು. ಕೂಡಿಸಿದರೆ ಆರನೆಯ ಸ್ಥಾನ. ನನ್ನ ಮಗಳು ಎರಡನೆಯ ಸ್ಥಾನ. ನಂದಗಡದ ಹುಡುಗ ಕೊನೆಯವನು.

ಬಹುಮಾನ ಕೊಟ್ಟು ಫೋಟೋ ತೆಗೆದ ಮೇಲೆ ಅಧ್ಯಕ್ಷರು ನನ್ನ ಬಳಿ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಸಮಾಧಾನ ಮಾಡುವ ಧಾಟಿಯಲ್ಲೇ ಹೇಳಿದರು.

"ನೋಡ್ರಿ ಮೇಡಂ, ನೀವು ಹೇಳಿದಂಗ ಎಲ್ಲಾ ಸಮ ಕೊಟ್ವಿ. ಏನಾತು? ಕೊನೀಗೆ ಕೈಯಾಗ ಇರೂದ ಬರತೈತಿ."

"ಸರ್, ಕೈಯಾಗ ಏನೈತಿ ಅಂತ ನಿಮಗ ಕಂಡತೇನು? ಒಂದೂವರಿ ವರ್ಷ ಅಕಿ ಸತ್ತ ನೆಟ್‌ವರ್ಕಿನ್ಯಾಗ ಆಡ್ಯಾಳ. ನೀವು ಹತ್ತ ನಿಮಿಷ ಒಳ್ಳೇ ಫೋನು ಕೊಟ್ಟು ಸಮ ಆತು ಅಂತೀರಿ. ಮೂರನೇ ರೇಸಿಗೇ ಮೂರನೇದಾಕಿ ಆಗ್ಯಾಳ. ಇನ್ನ ಮೂರು ರೇಸು ಇದ್ದಿದ್ರ?"

"ಇದ್ದಿದ್ರ ಅನ್ನೂದಕ್ಕ ಬಹುಮಾನ ಕೊಡಾಕ ಬರೂದಿಲ್ಲ" ಎಂದು ಅವರು ಹೋದರು.

ನನಗೆ ಬಂದಿದ್ದು ಸಾಮಾನ್ಯ ಸಿಟ್ಟಲ್ಲ. ಹೊರಗೆ ಇಟ್ಟಾಗ ನೆಟ್ ಇಲ್ಲದ್ದು ನಿಮ್ಮ ತಪ್ಪು ಎನ್ನುತ್ತೇವೆ. ಒಳಗೆ ಕರೆದಾಗ ಸೋತದ್ದು ನಿಮ್ಮ ಯೋಗ್ಯತೆ ಎನ್ನುತ್ತೇವೆ. ಎರಡೂ ಸಲ ತಪ್ಪು ಅವರದೇ ಆಗುವಂತೆ ಎಷ್ಟು ಚೆಂದ ಕೂರಿಸಿಟ್ಟಿದ್ದೇವೆ. ಇನ್ನು ಮುಂದೆ ಇವರು ಎಲ್ಲರಿಗೂ ಹೇಳುತ್ತಾರೆ, ಅವಕಾಶ ಕೊಟ್ಟೆವು, ಏನೂ ಆಗಲಿಲ್ಲ ಎಂದು. ಅವಕಾಶ ಕೊಡದಿದ್ದಾಗ ಕನಿಷ್ಠ ಈ ಮಾತು ಹುಟ್ಟಿರಲಿಲ್ಲ. ಅದನ್ನು ಹುಟ್ಟಿಸಿದವಳೂ ನಾನೇ ಆದೆ.

ಫೋನುಗಳನ್ನು ವಾಪಸು ಒಯ್ಯಲು ಅಂಗಡಿಯವರು ಬರುವುದು ತಡವಾಯಿತು. ಸಭಾಂಗಣ ಖಾಲಿಯಾಗಿತ್ತು. ಹಿಂದಿನ ಸಾಲಿನಲ್ಲಿ ಅಕ್ಕ, ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಅಕ್ಕನ ಮಗಳು. ನನ್ನ ಮಗಳು ಕೈಯಲ್ಲಿ ಕಪ್ ಹಿಡಿದು ಅವಳ ಹತ್ತಿರ ಹೋಗಿ ನಿಂತಳು.

"ಗ್ರೂಪಿನ್ಯಾಗ ನಾ ಹೇಳಬೇಕಾಗಿತ್ತು" ಎಂದಳು ಕೊನೆಗೆ.

"ಹೌದು, ಹೇಳಬೇಕಾಗಿತ್ತು" ಎಂದಳು ಅವಳು. ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, "ಆ ಫೋನ್ ತಗೋ. ಆಡೂಣು" ಎಂದಳು.

ಅರ್ಧ ತಾಸು ಆಡಿದರು. ಮೊದಲ ಎರಡನ್ನು ನನ್ನ ಮಗಳು ಗೆದ್ದಳು. ಆಮೇಲಿನ ನಾಲ್ಕನ್ನೂ ಅಕ್ಕನ ಮಗಳು ಗೆದ್ದಳು, ಕೊನೆಯದನ್ನು ಬಹಳ ಅಂತರದಿಂದ. ಹೊರಗಿನವರು ಯಾರೂ ನೋಡಲಿಲ್ಲ. ನಾನು ನೋಡಿದೆ, ಅಕ್ಕ ನೋಡಿದಳು. ಅಂಗಡಿಯವನು ಬಂದು ಫೋನು ಡಬ್ಬಿಗೆ ತುಂಬಿಕೊಂಡು ಹೋದ.

ದಾರಿಯಲ್ಲಿ ಮಗಳು ನನ್ನನ್ನು ಕೇಳಿದಳು. "ಹಂಗಾದ್ರ ನಾ ಗೆದ್ದಿದ್ದು ಸುಳ್ಳೇನು ಮಮ್ಮಿ?" ಅಳುತ್ತಿದ್ದಳು. ನೀನು ಚೆನ್ನಾಗಿಯೇ ಆಡಿದೆ, ಅದು ಸುಳ್ಳಲ್ಲ, ಆದರೆ ಅದರಲ್ಲಿ ನಮ್ಮ ಗೋಡೆಯ ಮೇಲಿನ ಡಬ್ಬಿಯದೂ ಪಾಲಿದೆ ಎಂದೆ. ಅವಳಿಗೆ ಆ ಉತ್ತರ ಇಷ್ಟವಾಗಲಿಲ್ಲ. ಕಪ್ ಅವಳ ಕೋಣೆಯ ಕಪಾಟಿನ ಮೇಲೆ ಈಗಲೂ ಇದೆ. ವಾಪಸು ಕೊಡು ಎಂದು ನಾನು ಹೇಳಲಿಲ್ಲ, ಅವಳೂ ಕೊಡಲಿಲ್ಲ.

ಕಾಲೇಜು ಪತ್ರ ವಾಪಸು ಪಡೆಯದಿದ್ದರೇನು ಎಂದುಕೊಂಡು, ತಪ್ಪು ನನ್ನದು ಎಂದು ನನ್ನ ಸ್ವಂತ ಹೆಸರಿನಲ್ಲಿ ಏಳು ಜನರಿಗೂ ಪತ್ರ ಬರೆದೆ. ಅದರ ಪ್ರತಿಯನ್ನು ಪ್ರಾಂಶುಪಾಲರಿಗೂ ಕೊಟ್ಟೆ. ಮುಂದಿನ ವರ್ಷದ ಸಮಿತಿಯಲ್ಲಿ ನನ್ನ ಹೆಸರು ಇರಲಿಲ್ಲ. ಆಟದ ಸ್ಪರ್ಧೆ ನಡೆಯಿತು. ಖಾನಾಪುರ ತಾಲೂಕಿನಿಂದ ಒಬ್ಬರೂ ಹೆಸರು ಕೊಡಲಿಲ್ಲ. ಹಳ್ಳಿಯ ಮಕ್ಕಳಿಗೆ ಆಸಕ್ತಿ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು.

ಈ ವರ್ಷ ಇಬ್ಬರೂ ಹುಡುಗಿಯರು ಪಿಯುಸಿ ಮುಗಿಸಿದರು. ಡಿಗ್ರಿಯ ಅರ್ಜಿ ಎಲ್ಲಾ ಆನ್‌ಲೈನ್. ಅಕ್ಕನ ಮಗಳು ಮೂರು ದಿನ ಆ ಸೇತುವೆಯ ಮೇಲೆ ಕುಳಿತು ಅರ್ಜಿ ತುಂಬಿದಳು. ಪ್ರತಿ ಸಲ ಫೋಟೋ ಏರಿಸುವ ಹೊತ್ತಿಗೆ ಪುಟ ಮಾಯವಾಗಿ ಮತ್ತೆ ಮೊದಲಿನಿಂದ ಶುರು. ನಾಲ್ಕನೆಯ ದಿನ ಕಾಗದಗಳನ್ನು ಹಿಡಿದುಕೊಂಡು ರೈಲಿಗೆ ಬೆಳಗಾವಿಗೆ ಬಂದಳು. ನಮ್ಮ ಮನೆಯಲ್ಲಿ ನಾನು ಚಹಾಕ್ಕೆ ನೀರಿಟ್ಟು, ಅದು ಕುದಿಯುವುದರೊಳಗೆ ಅರ್ಜಿ ಮುಗಿಯಿತು. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡೆ. ಅವಳು ಪರದೆಯನ್ನೇ ನೋಡುತ್ತ ಕುಳಿತಳು.

"ಇಷ್ಟ ಏನು?" ಎಂದಳು.

"ಇಷ್ಟ."

ಅವಳು ಚೀಲದಿಂದ ಇನ್ನೆರಡು ಪ್ಲಾಸ್ಟಿಕ್ ಫೈಲು ತೆಗೆದು ನನ್ನ ಮುಂದಿಟ್ಟಳು. ಅವಳ ಊರಿನವರೇ ಇಬ್ಬರು ಹುಡುಗಿಯರವು. ಒಬ್ಬಳಿಗೆ ಅವಳಿಗಿಂತ ಒಳ್ಳೆಯ ಅಂಕ ಬಂದಿತ್ತು.

"ಇವರಿಗೆ ಹಿಂಡಲಗಾದಾಗ ಮಾವಶಿ ಇಲ್ಲ" ಎಂದಳು. "ಇವರದೂ ತುಂಬು."

ಒಬ್ಬಳದು ತುಂಬಿದೆ. ಇನ್ನೊಬ್ಬಳು, ಆ ಒಳ್ಳೆಯ ಅಂಕದವಳು, ಬೇರೆ ಕಾಲೇಜಿಗೆ ಹಾಕಬೇಕಾಗಿತ್ತು. ಆ ಕಾಲೇಜಿನ ಪುಟ ತೆರೆದೆ. ಕೊನೆಯ ದಿನ ನಿನ್ನೆಯೇ ಮುಗಿದಿತ್ತು. ಕೆಂಪು ಅಕ್ಷರದಲ್ಲಿ ಒಂದು ಸಾಲು ಹಾಕಿದ್ದರು, ಯಾವ ಕಾರಣಕ್ಕೂ ತಡವಾದ ಅರ್ಜಿ ಸ್ವೀಕರಿಸುವುದಿಲ್ಲ ಎಂದು. ನಾನು ಆ ಕಾಲೇಜಿಗೆ ಫೋನು ಮಾಡಿದೆ, ಮರುದಿನ ಹೋಗಿ ನಿಂತೆ, ಜಗಳ ಮಾಡಿದೆ. ಕೌಂಟರಿನ ಆಚೆಗಿದ್ದವನು ಬಹಳ ವಿನಯದಿಂದ ಮಾತಾಡಿದ. ಆ ಹುಡುಗಿ ಈ ವರ್ಷ ಮನೆಯಲ್ಲಿದ್ದಾಳೆ.